ಎಪ್ಪತ್ತೆಂಟು ಕಿಲೋ

ಗುಜರಿಯಂವ ಒಂಬತ್ತು ಸಾವಿರ ಅಂದ,
ಆರೂವರಿಗಿ ಇಳದ.
ಶೋಗನ್ ಗಾಡಿ, ತೊಂಬತ್ತಾರನೇ ಇಸವಿದು.
ಟಾಕಿಯೊಳಗ ತುಕ್ಕು, ಮೀಟರಿನೊಳಗ ಜೇಡರ ಮನಿ,
ಕಿಕ್ ಹೊಡದರ ಒಂದು ಕೆಮ್ಮು,
ಅದೂ ಬ್ಯಾಸರಾಗಿ ಕೊಟ್ಟಂಗ.
ಕಾಗದ ಪತ್ರ ಕೇಳಬ್ಯಾಡ, ಅಂದ.
ಖಣಿಯೊಳಗ ಓಡೋ ಗಾಡಿಗಿ ಕಾಗದ ಯಾಕ, ಅಂದೆ.

ಶಹಾಬಾದಿನ ಆಚಿ, ಕಲ್ಲು ತೀರಿದ ಖಣಿ.
ಫರಸಿ ಎಬ್ಬಿಸಿ ಎಬ್ಬಿಸಿ ಮಂದಿ ಬಿಟ್ಟುಹೋದ ತಗ್ಗು.
ದಸರಾ ಮುಗದ ಮ್ಯಾಲಿನ ಐತವಾರ ಅದರಾಗ
ಹನ್ನೊಂದು ಗಾಡಿ, ಎಂಟು ಸುತ್ತು,
ಗೆದ್ದವರಿಗಿ ಐದು ಸಾವಿರ, ಮ್ಯಾಲ ಒಂದು ಟಯರ್.
ನನಗ ಟಯರಿನ ಮ್ಯಾಲ ಕಣ್ಣು.

ಹಗಲೆಲ್ಲ ಪಾಲಿಶ್ ಮಶೀನಿನ ಮುಂದ ನಿಂತು
ಮೈಯೆಲ್ಲ ಬೂದು ರಾಡಿ ಆಗಿ ಬರತಿದ್ದೆ.
ರಾತ್ರಿ ಅದೇ ಕೈಲೆ ಸಿಲಿಂಡರಿನ ಗಾಳಿದಾರಿ ತಿಕ್ಕಿದೆ,
ಕಲ್ಲು ತಿಕ್ಕೋ ಪಟ್ಟಿಲೇ, ನೂರಾ ಎಂಬತ್ತು, ಆಮ್ಯಾಲ ನಾಕುನೂರು,
ಬಟ್ಟ ಒಳಗ ಬಿಟ್ಟರ ಸೀತಾಫಲದ ಬೀಜದಂಗ ಜಾರಬೇಕು.
ಫರಸಿ ಹೊಳೀತದ, ಮಂದಿ ಕಾಲಿಡತಾರ.
ಇದರ ಹೊಳಪು ಹೊಗಿಗಷ್ಟೇ ಕಾಣತದ.

ದಸ್ತಗೀರಸಾಬ ಬೋರ್ ಹೊಡದುಕೊಟ್ಟ.
ಕಾರಖಾನಿ ಮುಚ್ಚಿದಾಗ ಬಾಕಿ ಪಗಾರದ ಬದಲಿ
ಲೇಥ್ ಮಶೀನನ್ನೇ ಎತ್ತಿಕೊಂಡು ಬಂದಂವ.
"ಪಿಸ್ಟನ್ ಹೊಸಾದು ತಂದಿ, ರಿಂಗ್ ಹಳೇದು ಹಾಕ್ತಿ?
ಅರೆ, ಹೊಸಾ ಅಳಿಯಗ ಹರದ ಧೋತರ ಉಡಿಸಿದಂಗ!"
ಬೈದು, ತನ್ನ ರೊಕ್ಕದಾಗ ರಿಂಗ್ ತರಿಸಿದ.
ಡೈರಿಯೊಳಗ ಬರದಿಟ್ಟೀನಿ: ಸಾಬ, ನಾನೂರಾ ಇಪ್ಪತ್ತು.
ಅವನಿಗಿ ನೆನಪಿಲ್ಲಂತ. ನನಗದ.

ಅಲ್ಲಿಗಿ ರೊಕ್ಕ ಮುಗೀತು.
ರೊಕ್ಕ ಮುಗದ ಮ್ಯಾಲ ವೇಗ ಬರೋದು ತಗದು ಒಗಿಯೋದರಿಂದ.
ಹೆಡ್‌ಲೈಟ್ ತಗದೆ. ಇಂಡಿಕೇಟರ್, ಹಾರ್ನ್,
ಡಬಲ್ ಸ್ಟ್ಯಾಂಡು, ಸೀರಿ ಸಿಗಬಾರದಂತ ಇದ್ದ ಜಾಳಗಿ,
ಹಿಂದ ಕುಂತವರು ಕಾಲಿಡೋ ಕಬ್ಬಿಣ.
ಹಿಟ್ಟಿನ ಗಿರಣಿ ತಕ್ಕಡಿ ಮ್ಯಾಲ ಇಟ್ಟು ತೂಗಿದೆ,
ಎಲ್ಲಾ ಸೇರಿ ಹದಿಮೂರು ಕಿಲೋ.
"ಬೀಸಲೇನಪ್ಪಾ ಇದನ್ನ," ಗಿರಣಿ ಜಗದೇವಿ ನಕ್ಕಳು,
"ನುಣ್ಣಗ ಬೇಕೋ, ರವಾ ಬೇಕೋ?"

ತಕ್ಕಡಿ ಖಾಲಿ ಆಯ್ತು. ಸುಮ್ಮನ ಹತ್ತಿ ನಿಂತೆ.

ಎಪ್ಪತ್ತೆಂಟು.

ನಟ್ಟು ಬೋಲ್ಟು ತೂಗಿ ತೂಗಿ ತಗದಂವಗ
ಎಲ್ಲಕ್ಕಿಂತ ಭಾರದ ಸಾಮಾನು ಕಂಡಿರಲಿಲ್ಲ.

ತಂಗಿ ಸುಗಲಾ ಬಾಗಿಲದಾಗ ನಿಂತಿದ್ದಳು ಜೋಳದ ಡಬ್ಬಿ ಹಿಡಕೊಂಡು.
ನಲವತ್ತಾರು, ಡಬ್ಬಿ ಬಿಟ್ಟು.
ವಾಡಿ ದಾರಿಯೊಳಗ ಗ್ಯಾಸಿನ ಟಾಕಿ ಕಟ್ಟಿಕೊಂಡು ಟಿವಿಎಸ್ ಹೊಡಿಯಾಕಿ,
ಲಾರಿಗಳ ನಡುವ, ಸಿಮೆಂಟ್ ಧೂಳಿನಾಗ, ಒಂದು ಕೈ ವೇಲಿಗಿ.
ಮೂವತ್ತೆರಡು ಕಿಲೋ ಫರಕು.
ಹೊಸಾ ಕಾರ್ಬುರೇಟರ್ ತಂದರೂ ಇಷ್ಟು ಸಿಗಂಗಿಲ್ಲ,
ಇದು ಪುಕ್ಕಟಿ.

ಪುಕ್ಕಟಿ ಅಂತ ಬರಿಯಾಕ ಕೈ ಬರಲಿಲ್ಲ ಎರಡು ದಿನ.
ಮೂರನೇ ದಿನ ಹ್ಯಾಂಡಲ್ ಎರಡು ಬಟ್ಟ ಹಿಂದಕ್ಕ ತಂದೆ,
ಸೀಟಿನ ಸ್ಪಂಜು ಕೊಯ್ದು ತಗ್ಗಿಸಿದೆ, ಸ್ಪ್ರಿಂಗ್ ಸಡಿಲಿಸಿದೆ.
ಅಕಿ ನೋಡಿದಳು. "ಇದು ನಿನ್ನ ಅಳತಿ ಅಲ್ಲಲ್ಲಣ್ಣ."
ಪಾನಾ ಹುಡುಕಾಂವನಂಗ ಬಗ್ಗಿದೆ ನಾನು.

ಐತವಾರ ಖಣಿಯೊಳಗ ಬಿಳಿ ಧೂಳು.
ಗಾಡಿ ಕಾಣಲಿಲ್ಲ, ಸಪ್ಪಳ ಅಷ್ಟೇ.
ಹನ್ನೊಂದರಾಗ ನಂದು ಯಾವುದು ಅಂತ ಗೊತ್ತು,
ನಾಕುನೂರರ ಪಟ್ಟಿಲೇ ತಿಕ್ಕಿದ ಗಂಟಲು ಬ್ಯಾರೇನೇ ಇರತದ.
ಆರನೇ ಸುತ್ತಿಗಿ ಮೂರನೇದಾಕಿ.
ಏಳರಾಗ ಚೈನ್ ಹರೀತು.
ಹಳೇ ಚೈನು. ಡೀಸೆಲ್‌ನಾಗ ನೆನಸಿಟ್ಟು
"ನಡೀತದ" ಅಂದಂವ ನಾನೇ.

ದಬ್ಬಿಕೋತ ಬಂದಳು, ಹೆಲ್ಮೆಟ್ ತಗೀಲಿಲ್ಲ,
ಹಲ್ಲಿನ ಮ್ಯಾಲೂ ಧೂಳು.
"ಚೈನ್ ಎಷ್ಟಕ್ಕ ಬರತದ?"
"ಹೊಸಾದಾ? ಎಂಟುನೂರು."
"ಡೈರಿಯೊಳಗ ಬರಿ," ಅಂದಳು,
"ನನ್ನ ಹೆಸರಿಲೇ."